ಕೊಂದವನು ಅಲ್ಲಿ ಕೂರುವುದಿಲ್ಲ

ಚದುರಂಗ ಆಡುವವರು ಎಂದೂ ಪ್ರಶ್ನಿಸದ ನಿಯಮ ಒಂದಿದೆ. ಎದುರಾಳಿಯ ಕಾಯಿ ಹೊಡೆಯಬೇಕೆಂದರೆ ಅದು ನಿಂತ ಮನೆಗೇ ಹೋಗಬೇಕು. ಅದನ್ನೆತ್ತಿ ಆಚೆಗಿಟ್ಟು ಆ ಜಾಗದಲ್ಲಿ ಕೂರಬೇಕು. ಆನೆ, ಒಂಟೆ, ಕುದುರೆಗಳ ಓಡಾಟ ಬೇರೆ ಬೇರೆ, ಹೊಡೆತ ಮಾತ್ರ ಒಂದೇ. ಎರಡು ಮನೆ ಮುಂದೆ ಬಂದು ಪಕ್ಕದಲ್ಲಿ ನಿಂತ ಕಾಲಾಳನ್ನು ಅದು ದಾಟಿದ ಮನೆಗೆ ಹೋಗಿ ಹೊಡೆಯುವ ಆನ್ ಪಾಸಾಂ ಒಂದು ಅಪವಾದ, ಅದನ್ನು ಮೊದಲ ಸಲ ಕೇಳಿದಾಗ ಯಾರಿಗಾದರೂ ಹುಬ್ಬು ಏರುವುದು ಅದಕ್ಕೇ. ಬೆಂಬಲ, ಅದಲುಬದಲು, ಬಲಿ ಎಂದು ನಾವು ಕರೆಯುವುದೆಲ್ಲ ಈ ನಿಯಮದ ಹೊಟ್ಟೆಯಲ್ಲಿ ಹುಟ್ಟಿದವು. ಹೊಡೆದವನು ಸತ್ತವನ ಮನೆಯಲ್ಲೇ ನಿಲ್ಲುತ್ತಾನೆ, ಹಾಗಾಗಿ ಅಲ್ಲೇ ಅವನನ್ನು ತಿರುಗಿ ಹೊಡೆಯಬಹುದು. ಆ ಮನೆಯ ಮೇಲೆ ಯಾರ ಕಣ್ಣು ಎಷ್ಟಿದೆ ಎಂದು ಎಣಿಸಿದರೆ ಅರ್ಧ ಲೆಕ್ಕ ಮುಗಿದಂತೆ.

ಅಲ್ಟಿಮಾ ಎಂಬ ಆಟ ಇದನ್ನು ತಿರುಗಿಸಿ ಹಾಕುತ್ತದೆ. ಇಲ್ಲಿ ಕಾಯಿಗಳ ಓಡಾಟ ಹೆಚ್ಚುಕಡಿಮೆ ಒಂದೇ, ಹೊಡೆತ ಮಾತ್ರ ಒಂದೊಂದರದು ಒಂದೊಂದು ಬಗೆ. ರಾಜನನ್ನು ಬಿಟ್ಟರೆ, ಮತ್ತು ರಾಜನ ಮೇಲೆ ಎರಗುವ ಊಸರವಳ್ಳಿ ಎಂಬ ಕಾಯಿಯನ್ನು (ಅದರ ಮಾತು ಮುಂದೆ) ಬಿಟ್ಟರೆ, ಯಾವ ಕಾಯಿಯೂ ತಾನು ಕೊಂದ ಮನೆಗೆ ಕಾಲಿಡುವುದಿಲ್ಲ.

ಅಮೆರಿಕದ ರಾಬರ್ಟ್ ಅಬಟ್ ಇದನ್ನು ಕಟ್ಟಿದ್ದು 1962ರಲ್ಲಿ. ಆಗಿನ ಹೆಸರು ಬರೋಕ್; ಮರುವರ್ಷ ಪ್ರಕಾಶಕರ ಸಲಹೆಯಂತೆ ಅಲ್ಟಿಮಾ ಆಯಿತು. ಎರಡು ಹೆಸರೂ ಇಂದಿಗೂ ಬಳಕೆಯಲ್ಲಿವೆ. ಅಬಟ್ ಹೆಚ್ಚು ಹೆಸರಾದದ್ದು ಎಲ್ಯೂಸಿಸ್ ಎಂಬ ಇಸ್ಪೀಟಾಟದಿಂದ: ಒಬ್ಬ ಗುಟ್ಟಾಗಿ ಒಂದು ನಿಯಮ ಮಾಡಿಕೊಳ್ಳುತ್ತಾನೆ, ಉಳಿದವರು ಎಲೆ ಹಾಕುತ್ತ ಹಾಕುತ್ತ ಆ ನಿಯಮ ಏನೆಂದು ಪತ್ತೆ ಮಾಡಬೇಕು. ನಿಯಮವನ್ನೇ ಆಟದ ಸರಕಾಗಿಸುವ ಆ ಮನಸ್ಸು ಇಲ್ಲಿಯೂ ಕಾಣುತ್ತದೆ. ಹೊಡೆತದ ಬಗೆಗಳನ್ನೆಲ್ಲ ಅವರೇ ಕಂಡುಹಿಡಿಯಲಿಲ್ಲ. ಎರಡು ಬದಿಯಿಂದ ಇಕ್ಕಳದಂತೆ ಹಿಡಿದು ಹೊಡೆಯುವುದು ಉತ್ತರ ಯುರೋಪಿನ ಟಾಫ್ಲ್ ಆಟಗಳಲ್ಲಿತ್ತು, ಮೇಲಿಂದ ಜಿಗಿದು ಹೊಡೆಯುವುದು ಡ್ರಾಫ್ಟ್ಸ್‌ನಲ್ಲಿ (ಚೆಕರ್ಸ್) ಇದೆ, ಪಕ್ಕದಿಂದ ಹಿಂದೆ ಸರಿದು ಹೊಡೆಯುವುದು ಮಡಗಾಸ್ಕರ್‌ನ ಫನೊರೊನಾದಲ್ಲಿದೆ. ಬೇರೆ ಬೇರೆ ಮನೆತನದ ಈ ಹೊಡೆತಗಳನ್ನು ಒಂದೇ ಹಲಗೆಗೆ ತಂದು, ಒಂದರ ಎದುರು ಒಂದನ್ನು ನಿಲ್ಲಿಸಿದ್ದು ಅಬಟ್ ಅವರ ಕೆಲಸ.

ಹಲಗೆ ಜೋಡಿಸುವುದು

ಬೇಕಾಗುವುದು ಮಾಮೂಲಿ ಚದುರಂಗದ ಒಂದು ಸೆಟ್, ಅಷ್ಟೇ. 64 ಮನೆ, ತಲಾ 16 ಕಾಯಿ, ಜೋಡಣೆಯೂ ಚದುರಂಗದ್ದೇ. ಒಂದೇ ವ್ಯತ್ಯಾಸ: ಪ್ರತಿ ಬಣ್ಣದ ಎರಡು ಆನೆಗಳಲ್ಲಿ ಒಂದನ್ನು ತಲೆಕೆಳಗಾಗಿ ನಿಲ್ಲಿಸಬೇಕು. ನೆಟ್ಟಗಿರುವ ಆನೆ ಒಂದು ಕಾಯಿ, ತಲೆಕೆಳಗಾದದ್ದು ಬೇರೆಯೇ ಕಾಯಿ. ಈ ಕೆಲಸಕ್ಕೆ ಆನೆಯನ್ನೇ ಆರಿಸಿದ್ದು ಏಕೆಂದು ಒಮ್ಮೆ ಒಂಟೆಯನ್ನು ತಲೆಕೆಳಗಾಗಿ ನಿಲ್ಲಿಸಲು ನೋಡಿದರೆ ತಿಳಿಯುತ್ತದೆ. ತೀರ ಸಣ್ಣ ಸೆಟ್‌ನಲ್ಲಿ ಆನೆಯೂ ತೂರಾಡುತ್ತದೆ. ಆಗ ಅದರ ಕೊರಳಿಗೊಂದು ರಬ್ಬರ್‌ಬ್ಯಾಂಡ್ ಸುತ್ತಿ ನೆಟ್ಟಗೇ ನಿಲ್ಲಿಸಿ. ಯಾವ ಮೂಲೆಯ ಆನೆ ತಲೆಕೆಳಗಾಗಬೇಕು ಎಂಬುದರಲ್ಲಿ ಪದ್ಧತಿಗಳು ಒಂದೇ ಥರ ಇಲ್ಲ. ಮೊದಲ ನಡೆಗೆ ಮುಂಚೆ ಮಾತಾಡಿಕೊಳ್ಳುವುದು ಒಳ್ಳೆಯದು.

ಮನೆಗಳನ್ನು ಚದುರಂಗದ ವಾಡಿಕೆಯಂತೆ ಕರೆಯುತ್ತೇವೆ: ಬಿಳಿಯ ಎಡಗೈ ಕಡೆಯಿಂದ ಎ, ಬಿ, ಸಿ ಎನ್ನುತ್ತ ಎಚ್‌ವರೆಗೆ ಕಂಬಸಾಲುಗಳು, ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಡ್ಡಸಾಲುಗಳು. ಬಿಳಿ ರಾಜ ಇ1ರಲ್ಲಿ, ಕಪ್ಪು ರಾಜ ಇ8ರಲ್ಲಿ. ಇಬ್ಬರೂ ಒಂದೇ ಕಂಬಸಾಲಿನಲ್ಲಿರುವುದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಓಡಾಟ ಎರಡೇ ವಾಕ್ಯದಲ್ಲಿ ಮುಗಿಯುತ್ತದೆ. ಕಾಲಾಳುಗಳು ಚದುರಂಗದ ಆನೆಯಂತೆ ನೇರಕ್ಕೆ, ಅಡ್ಡಕ್ಕೆ ಎಷ್ಟು ಖಾಲಿ ಮನೆಯಾದರೂ ಹೋಗಬಲ್ಲವು, ಹಿಂದಕ್ಕೂ ಬರಬಲ್ಲವು. ರಾಜ ಒಂದೊಂದೇ ಮನೆ, ಉಳಿದೆಲ್ಲ ಕಾಯಿಗಳು ಚದುರಂಗದ ರಾಣಿಯಂತೆ ಎಂಟೂ ದಿಕ್ಕಿಗೆ. ಹೊಸಬರು ಮೊದಲು ಎಡವುವುದು ಕುದುರೆಯಲ್ಲಿ. ಕೈ ತಾನಾಗಿಯೇ ಎರಡೂವರೆ ಮನೆ ಹಾರಿಸುತ್ತದೆ. ಎರಡನೆಯ ಸಲ ಎಡವುವುದು ಕಾಲಾಳನ್ನು ಓರೆಯಾಗಿ ಒಯ್ಯುವಾಗ.

ಆರು ಬಗೆಯ ಕೈಚಳಕ

ಕಾಲಾಳು ಇಕ್ಕಳ. ಅದು ಬಂದು ನಿಂತಾಗ, ಅದಕ್ಕೂ ನಮ್ಮದೇ ಇನ್ನೊಂದು ಕಾಯಿಗೂ ನಡುವೆ, ಒಂದೇ ಅಡ್ಡಸಾಲಿನಲ್ಲೋ ಕಂಬಸಾಲಿನಲ್ಲೋ ಒತ್ತಿಕೊಂಡು ಎದುರಾಳಿಯ ಕಾಯಿ ಸಿಕ್ಕಿಕೊಂಡಿದ್ದರೆ ಅದು ಸತ್ತಿತು. ಸಿ5ರಲ್ಲಿ ನಮ್ಮ ಯಾವುದೋ ಕಾಯಿ, ಡಿ5ರಲ್ಲಿ ವೈರಿ. ನಮ್ಮ ಕಾಲಾಳು ಇ2ರಿಂದ ಇ5ಕ್ಕೆ ಏರಿದರೆ ಡಿ5 ಖಾಲಿ. ಓರೆಯಲ್ಲಿ ಇಕ್ಕಳವಿಲ್ಲ. ಹಿಡಿತದ ಇನ್ನೊಂದು ಬದಿಯಲ್ಲಿ ಕಾಲಾಳೇ ಇರಬೇಕಿಲ್ಲ, ರಾಜನಾದರೂ ನಡೆಯುತ್ತದೆ. ಆದರೆ ಚಲಿಸಿ ಬಂದು ಬಿಗಿಯುವವನು ಕಾಲಾಳೇ ಆಗಿರಬೇಕು. ವೈರಿ ತಾನಾಗಿ ಬಂದು ನಮ್ಮ ಎರಡು ಕಾಯಿಗಳ ನಡುವೆ ನಿಂತರೆ ಅವನಿಗೆ ಏನೂ ಆಗುವುದಿಲ್ಲ. ಒಂದೇ ನಡೆಗೆ ಹೆಚ್ಚೆಂದರೆ ಮೂರು ಕಾಯಿ ಹೊಡೆಯಬಹುದು, ನಾಲ್ಕು ಸಾಧ್ಯವೇ ಇಲ್ಲ. ನಾಲ್ಕು ದಿಕ್ಕಿನಲ್ಲಿ ಒಂದು ಕಾಲಾಳು ಆಗಷ್ಟೇ ನಡೆದು ಬಂದ ದಿಕ್ಕು, ಅದು ಖಾಲಿಯೇ ಇರುತ್ತದಲ್ಲ. ಮೂಲೆಯ ಮನೆಯಲ್ಲಿ ನಿಂತ ಕಾಯಿಯನ್ನು ಯಾವ ಇಕ್ಕಳವೂ ಹಿಡಿಯಲಾರದು, ಅಂಚಿನಲ್ಲಿ ನಿಂತದ್ದನ್ನು ಅಂಚಿನ ಉದ್ದಕ್ಕೆ ಮಾತ್ರ ಹಿಡಿಯಬಹುದು.

ಕುದುರೆ ಇಲ್ಲಿ ನೀಳ ಜಿಗಿತದವನು. ನೇರ, ಅಡ್ಡ, ಓರೆ ಯಾವ ಗೆರೆಯಲ್ಲಾದರೂ ಸಾಗಿ, ಎದುರಾದ ವೈರಿಯ ಮೇಲಿಂದ ಹಾರಿ, ಅದರ ಹಿಂದಿನ ಖಾಲಿ ಮನೆಗೆ ಬೀಳುತ್ತದೆ. ಅದೇ ಗೆರೆಯಲ್ಲಿ ಮುಂದೆ ಇನ್ನೊಂದು ವೈರಿ, ಅದರಾಚೆ ಖಾಲಿ ಇದ್ದರೆ ಅದನ್ನೂ ಸೇರಿಸಿಕೊಳ್ಳಬಹುದು. ಎ4ರಲ್ಲಿ ಕುದುರೆ, ಸಿ4 ಮತ್ತು ಇ4ರಲ್ಲಿ ವೈರಿಗಳು, ಬಿ4, ಡಿ4, ಎಫ್4 ಖಾಲಿ: ಒಂದೇ ನಡೆಯಲ್ಲಿ ಕುದುರೆ ಎಫ್4ಕ್ಕೆ, ಎರಡು ಕಾಯಿ ಹೊರಕ್ಕೆ. ಎಂಟು ಮನೆಯ ಗೆರೆಯಲ್ಲಿ ಇಂಥ ಜಿಗಿತ ಮೂರರವರೆಗೆ ಹೋಗಬಹುದು. ಎರಡು ಕೆಲಸ ಮಾತ್ರ ಅದಕ್ಕೆ ಆಗದು. ನಮ್ಮದೇ ಕಾಯಿಯನ್ನು ಹಾರುವಂತಿಲ್ಲ, ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಕಾಯಿಗಳನ್ನು ಒಟ್ಟಿಗೆ ದಾಟುವಂತಿಲ್ಲ.

ರಾಣಿಯದು ವಿಚಿತ್ರ ಸ್ವಭಾವ. ಪಕ್ಕದ ಮನೆಯಲ್ಲಿರುವ ವೈರಿಗೆ ನೇರ ಬೆನ್ನು ತಿರುಗಿಸಿ ದೂರ ಸರಿದರೆ ಅದು ಸಾಯುತ್ತದೆ. ಡಿ4ರಲ್ಲಿ ರಾಣಿ, ಡಿ5ರಲ್ಲಿ ವೈರಿ ಇದ್ದರೆ ರಾಣಿ ಡಿ3ಕ್ಕೋ ಡಿ2ಕ್ಕೋ ಇಳಿಯಬೇಕು. ವೈರಿ ಇ5ರಲ್ಲಿದ್ದರೆ ಓರೆಯಲ್ಲಿ ಸಿ3ರ ಕಡೆಗೆ. ಹಿಂದೆ ಜಾಗವಿಲ್ಲದಿದ್ದರೆ ಹೊಡೆತವೂ ಇಲ್ಲ: ಡಿ1ರಲ್ಲಿ ಅಂಚಿಗೆ ಒರಗಿ ನಿಂತ ರಾಣಿ ಡಿ2ರ ವೈರಿಯನ್ನು ನೋಡುತ್ತ ಕೂರಬೇಕಷ್ಟೇ. ಅವಳ ದೊಡ್ಡ ತೊಂದರೆ ಸಮಯದ್ದು. ಪಕ್ಕಕ್ಕೆ ಬರಲು ಒಂದು ನಡೆ, ಸರಿಯಲು ಇನ್ನೊಂದು; ನಡುವೆ ವೈರಿಗೆ ಒಂದು ನಡೆ ಸಿಗುತ್ತದೆ. ಚದುರಂಗದಲ್ಲಿ ಎಲ್ಲರಿಗಿಂತ ಬಲಶಾಲಿಯಾದ ಆಕಾರಕ್ಕೆ ಇಲ್ಲಿ ಬಹುಶಃ ಎಲ್ಲಕ್ಕಿಂತ ದುರ್ಬಲ ಕೆಲಸ ಸಿಕ್ಕಿದೆ. ಹೊಸಬರು ರಾಣಿ ಹೋಯಿತೆಂದು ಕೈಚೆಲ್ಲುವುದನ್ನು ನೋಡಿದರೆ ನಗು ಬರುತ್ತದೆ.

ನೆಟ್ಟಗಿನ ಆನೆಯನ್ನು ಸಂಯೋಜಕ ಎನ್ನೋಣ. ಅಬಟ್ ಅವರ ಕಲ್ಪನೆಯಲ್ಲಿ ಅತಿ ಸೊಗಸಾದದ್ದು ಇದೇ. ಸಂಯೋಜಕ ಚಲಿಸಿ ನಿಂತ ಮೇಲೆ, ಅದನ್ನೂ ನಮ್ಮ ರಾಜನನ್ನೂ ಎದುರುಬದುರಿನ ಮೂಲೆಗಳೆಂದು ಭಾವಿಸಿ ಒಂದು ಆಯತ ಎಳೆಯಿರಿ. ಉಳಿದ ಎರಡು ಮೂಲೆಗಳಲ್ಲಿ ವೈರಿಯ ಕಾಯಿಗಳಿದ್ದರೆ ಅವು ಹೋದವು. ರಾಜ ಇ1ರಲ್ಲಿದ್ದು ಸಂಯೋಜಕ ಎಚ್6ಕ್ಕೆ ಬಂದರೆ ಆಪತ್ತು ಇ6ಕ್ಕೆ ಮತ್ತು ಎಚ್1ಕ್ಕೆ. ನಡುವೆ ಎಷ್ಟು ಕಾಯಿಗಳಿದ್ದರೂ ತಡೆಯಿಲ್ಲ, ಗೆರೆ ತೆರೆದಿರಬೇಕೆಂದಿಲ್ಲ. ರಾಜನ ಸಾಲಿಗೇ ಸಂಯೋಜಕ ಬಂದು ನಿಂತರೆ ಆಯತವೇ ಇಲ್ಲ, ಹೊಡೆತವೂ ಇಲ್ಲ. ರಾಜ ಸರಿದುದರಿಂದ ಆಯತ ಕೂಡಿ ಬಂದರೂ ಹೊಡೆತವಿಲ್ಲ, ಚಲಿಸಬೇಕಾದ್ದು ಸಂಯೋಜಕ.

ಹಾಗೆಂದು ರಾಜನ ನಡೆ ಸಣ್ಣದಲ್ಲ. ಅವನು ಇ1ರಿಂದ ಎಫ್2ಕ್ಕೆ ಒಂದು ಹೆಜ್ಜೆ ಇಟ್ಟರೆ, ಇ ಸಾಲಿನ ಮೇಲಿದ್ದ ಅಪಾಯ ಇಡಿಯಾಗಿ ಎಫ್ ಸಾಲಿಗೆ ಬರುತ್ತದೆ. ಬಂದೂಕಿನ ಗುರಿ ತಿರುಗಿಸುವವನು ಅವನು.

ಈಗ ಆ ಒಂದೇ ಕಂಬಸಾಲಿನ ಮಾತು. ಇಬ್ಬರು ರಾಜರೂ ಇ ಸಾಲಿನಲ್ಲಿರುವಷ್ಟು ಹೊತ್ತು, ಬಿಳಿಯ ಸಂಯೋಜಕ ಎಂಟನೆಯ ಅಡ್ಡಸಾಲಿನ ಯಾವುದೇ ಖಾಲಿ ಮನೆ ಮುಟ್ಟಿದರೆ ಆಯತದ ಒಂದು ಮೂಲೆ ಇ8. ಅಂದರೆ ಕಪ್ಪು ತನ್ನ ಹಿಂದಿನ ಸಾಲಿನಲ್ಲಿ ಒಂದು ಮನೆ ಖಾಲಿ ಮಾಡಿ, ಅಲ್ಲಿಗೆ ದಾರಿಯನ್ನೂ ತೆರೆದಿಟ್ಟರೆ, ದೂರದಲ್ಲೆಲ್ಲೋ ಸುಮ್ಮನಿರುವ ಸಂಯೋಜಕನಿಂದ ಚೆಕ್ ಬಿದ್ದಿರುತ್ತದೆ. ರಾಜನ ಕಡೆ ನೋಡುತ್ತಿರುವ ಕಾಯಿ ಒಂದೂ ಕಾಣುವುದಿಲ್ಲ. ಮೊದಲ ಕೆಲವು ಆಟಗಳಲ್ಲಿ ಅತಿ ಹೆಚ್ಚು ಜನ ಸೋಲುವುದು ಹೀಗೆ. ಉಪಾಯ ಸುಲಭ: ಅನುಕೂಲವಾದ ಕೂಡಲೇ ರಾಜನನ್ನು ಪಕ್ಕದ ಸಾಲಿಗೆ ಸರಿಸುವುದು. ಎದುರಾಳಿಯ ರಾಜ ಬೆನ್ನಟ್ಟಿ ಅದೇ ಸಾಲಿಗೆ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ.

ತಲೆಕೆಳಗಾದ ಆನೆ ಸ್ತಂಭಕ. ಇದು ಯಾರನ್ನೂ ಹೊಡೆಯುವುದಿಲ್ಲ. ಸುತ್ತಲಿನ ಎಂಟು ಮನೆಗಳಲ್ಲಿರುವ ವೈರಿಯ ಕಾಯಿಗಳನ್ನು ನಿಂತಲ್ಲೇ ನಿಲ್ಲಿಸುತ್ತದೆ, ರಾಜನೂ ಸೇರಿದಂತೆ. ಸ್ತಂಭಕ ಪಕ್ಕದಿಂದ ಹೋದರೆ ಕಟ್ಟು ಬಿಚ್ಚುತ್ತದೆ. ಎರಡು ಬಣ್ಣದ ಸ್ತಂಭಕಗಳು ಅಕ್ಕಪಕ್ಕ ಬಂದರೆ ಎರಡೂ ಕಲ್ಲಾಗುತ್ತವೆ. ಒಂದನ್ನು ಯಾರಾದರೂ ಹೊಡೆದು ತೆಗೆಯುವ ತನಕ ಎರಡೂ ಅಲ್ಲಿಯೇ.

ಒಂಟೆಗಳು ಊಸರವಳ್ಳಿಗಳು. ಎದುರಿಗೆ ಯಾರಿದ್ದಾರೋ ಅವರ ವಿದ್ಯೆಯಿಂದಲೇ ಅವರನ್ನು ಹೊಡೆಯುತ್ತವೆ. ಕುದುರೆಯನ್ನು ಜಿಗಿದು, ರಾಣಿಯಿಂದ ಹಿಂದೆ ಸರಿದು, ಸಂಯೋಜಕನನ್ನು ಆಯತದ ಮೂಲೆಯಲ್ಲಿ, ಕಾಲಾಳನ್ನು ಇಕ್ಕಳದಲ್ಲಿ (ಆಗ ಮಾತ್ರ ಊಸರವಳ್ಳಿ ನೇರವಾಗಿಯೋ ಅಡ್ಡವಾಗಿಯೋ ಚಲಿಸಿ ಬಂದಿರಬೇಕು), ರಾಜನನ್ನು ಪಕ್ಕದ ಮನೆಯಿಂದ ನೇರವಾಗಿ ಎರಗಿ. ಸ್ತಂಭಕವನ್ನು ಕೊಲ್ಲಲಾರವು, ಪಕ್ಕದಲ್ಲಿ ನಿಂತು ಅದನ್ನೇ ಕಟ್ಟಿಹಾಕುತ್ತವೆ, ತಾವೂ ಕಟ್ಟಿಬೀಳುತ್ತವೆ. ಊಸರವಳ್ಳಿಗೆ ಊಸರವಳ್ಳಿ ಏನೂ ಮಾಡದು, ಇಬ್ಬರ ಬಳಿಯೂ ಸ್ವಂತದ್ದೇನೂ ಇಲ್ಲವಲ್ಲ.

ಒಂದೇ ನಡೆಯಲ್ಲಿ ಈ ವಿದ್ಯೆಗಳು ಒಟ್ಟಾಗಬಹುದು. ಬಿಳಿ ರಾಜ ಇ1ರಲ್ಲಿ, ಬಿಳಿ ಊಸರವಳ್ಳಿ ಡಿ4ರಲ್ಲಿ, ಜಿ6ರಲ್ಲಿ ಬಿಳಿಯದೇ ಇನ್ನೊಂದು ಕಾಯಿ. ಕಪ್ಪಿನ ರಾಣಿ ಸಿ4ರಲ್ಲಿ, ಕುದುರೆ ಎಫ್4ರಲ್ಲಿ, ಕಾಲಾಳು ಜಿ5ರಲ್ಲಿ, ಸಂಯೋಜಕ ಜಿ1ರಲ್ಲಿ ಎಂದಿಟ್ಟುಕೊಳ್ಳಿ. ಊಸರವಳ್ಳಿ ಡಿ4ರಿಂದ ಜಿ4ಕ್ಕೆ ಹೋಯಿತು. ರಾಣಿಗೆ ಬೆನ್ನು ಹಾಕಿ ಸರಿದಂತಾಯಿತು, ಕುದುರೆಯ ಮೇಲಿಂದ ಹಾರಿದಂತಾಯಿತು, ಜಿ5ರ ಕಾಲಾಳು ಜಿ4-ಜಿ6ರ ನಡುವೆ ಸಿಕ್ಕಿತು, ಜಿ1 ರಾಜನ ಅಡ್ಡಸಾಲಿಗೂ ಊಸರವಳ್ಳಿಯ ಕಂಬಸಾಲಿಗೂ ಕೂಡುವ ಮೂಲೆ. ನಾಲ್ಕು ಕಾಯಿ ಒಂದೇ ಏಟಿಗೆ! ನಿಜವಾದ ಆಟದಲ್ಲಿ ಇಷ್ಟು ಕೂಡಿಬರುವುದು ಅಪರೂಪ, ಎರಡು ಕೂಡಿಬರುವುದು ಅಪರೂಪವಲ್ಲ.

ಬೆಂಬಲ ಎಂಬುದೇ ಇಲ್ಲದ ಆಟ

ನಿಯಮ ಬಾಯಿಪಾಠ ಮಾಡಲು ಅರ್ಧ ಗಂಟೆ ಸಾಕು. ಕಷ್ಟ ಇರುವುದು ಬೇರೆ ಕಡೆ. ಚದುರಂಗ ಬಲ್ಲವರು ಅಲ್ಟಿಮಾಕ್ಕೆ ಬಂದಾಗ, ಕಾಯಿಯೊಂದು ಅಪಾಯದಲ್ಲಿದೆ ಎನಿಸಿದ ಕೂಡಲೇ ಇನ್ನೊಂದನ್ನು ಅದರ ಬೆಂಬಲಕ್ಕೆ ತರುತ್ತಾರೆ. ಆ ಬೆಂಬಲ ಇಲ್ಲಿ ಯಾವ ಕೆಲಸಕ್ಕೂ ಬಾರದು. ಡಿ5ರ ಕಾಯಿಯನ್ನು ಹೊಡೆದ ಕಾಲಾಳು ಇ5ರಲ್ಲಿದೆ, ಜಿಗಿದ ಕುದುರೆ ಸಿ5ರಲ್ಲಿದೆ, ಸರಿದ ರಾಣಿ ಡಿ1ರಲ್ಲಿದ್ದಾಳೆ, ಸಂಯೋಜಕನಂತೂ ಹಲಗೆಯ ಇನ್ನೊಂದು ತುದಿಯಲ್ಲಿದ್ದಾನೆ. ಡಿ5ರ ಮೇಲೆ ಕಣ್ಣಿಟ್ಟು ಕೂತವನಿಗೆ ಖಾಲಿ ಮನೆ ಕಾಣುತ್ತದೆ, ಅಷ್ಟೇ. ಹೊಡೆತಕ್ಕೆ ಮರುಹೊಡೆತ ತಾನಾಗಿ ಹುಟ್ಟುವುದಿಲ್ಲ. ಹೊಡೆದವನು ಹೋಗಿ ನಿಂತ ಮನೆಯಲ್ಲಿ ಅವನಿಗಾಗಿ ಬೇರೆಯೇ ಬಲೆ ಕಾದಿರಬೇಕು.

ಬೆಂಬಲದ ಜಾಗಕ್ಕೆ ಬರುವುದು ನಿಲುವು. ಕುದುರೆಗೆ ಹೆದರುವ ಕಾಯಿಯ ಬೆನ್ನಿಗೆ, ಅದೇ ಗೆರೆಯಲ್ಲಿ, ಇನ್ನೊಂದನ್ನು ಅಂಟಿಸಿ ನಿಲ್ಲಿಸಿದರೆ ಕುದುರೆಗೆ ಬೀಳಲು ಜಾಗವಿಲ್ಲ. ಇಕ್ಕಳಕ್ಕೆ ಹೆದರಿದರೆ ಎಡಬಲದಲ್ಲಿ ಒಂದು ಕಡೆ, ಮೇಲೆ ಕೆಳಗೆ ಒಂದು ಕಡೆ ಸ್ವಂತ ಕಾಯಿ ಇರಬೇಕು. ರಾಣಿಗೆ ಹೆದರಿದರೆ ಅವಳ ಬೆನ್ನ ಹಿಂದಿನ ಮನೆ ತುಂಬಿಸಬೇಕು. ಸಂಯೋಜಕನಿಗೆ ಹೆದರಿದರೆ ಎದುರಾಳಿ ರಾಜನ ಅಡ್ಡಸಾಲು ಕಂಬಸಾಲು ಎರಡನ್ನೂ ಬಿಟ್ಟು ನಿಲ್ಲಬೇಕು. ಇವನ್ನೆಲ್ಲ ಕೂಡಿಸಿ ನೋಡಿದರೆ ಮೊದಲ ಮೂರಕ್ಕೂ ಔಷಧ ಒಂದೇ: ಗುಂಪಾಗಿ, ಮೈಗೆ ಮೈ ಹಚ್ಚಿ ನಿಲ್ಲುವುದು.

ಸ್ತಂಭಕ ಬೇಕೆನ್ನುವುದೂ ಅದನ್ನೇ. ಗುಂಪಿನ ಪಕ್ಕ ಒಮ್ಮೆ ಬಂದು ನಿಂತರೆ ಮೂರು ನಾಲ್ಕು ಕಾಯಿ ಒಟ್ಟಿಗೆ ಕಲ್ಲು. ಚದುರಿದರೆ ಕುದುರೆಯ ಬಾಯಿಗೆ, ಕೂಡಿದರೆ ಸ್ತಂಭಕದ ಬಾಯಿಗೆ. ಅಲ್ಟಿಮಾದ ನಡುಆಟ ಎಂದರೆ ಈ ಎರಡರ ನಡುವೆ ಜೋಲಿ ಹೊಡೆಯುವುದು. ಉಳಿದ ತಂತ್ರಗಳನ್ನೆಲ್ಲ ಇದರ ಟಿಪ್ಪಣಿ ಎನ್ನಬಹುದು.

ಹೀಗಾಗಿ ಯಾರನ್ನೂ ಕೊಲ್ಲದ ಕಾಯಿಯೇ ಹಲಗೆಯ ಮೇಲೆ ಅತಿ ಬೆಲೆಯುಳ್ಳದ್ದು. ಅದನ್ನು ಯಾರು ಹೊಡೆಯಬಲ್ಲರು ಎಂದು ನೋಡಿ. ರಾಣಿ ಹೊಡೆಯಲಾರಳು: ಸರಿಯಬೇಕಾದರೆ ಮೊದಲು ಪಕ್ಕದಲ್ಲಿರಬೇಕು, ಪಕ್ಕದಲ್ಲಿದ್ದರೆ ಕಟ್ಟುಬಿದ್ದಿರುತ್ತಾಳೆ. ರಾಜನದೂ ಅದೇ ಪಾಡು. ಊಸರವಳ್ಳಿಗೆ ಕಟ್ಟುವುದಷ್ಟೇ ಗೊತ್ತು. ಉಳಿದವರು ಮೂವರು: ದೂರದಿಂದ ಹಾರುವ ಕುದುರೆ, ದೂರದಿಂದ ಆಯತ ಎಳೆಯುವ ಸಂಯೋಜಕ, ದೂರದಿಂದ ಜಾರಿ ಬಂದು ಬಿಗಿಯುವ ಕಾಲಾಳು. ಕಾಲಾಳು ಬಂದು ನಿಲ್ಲುವುದು ಸ್ತಂಭಕದ ಪಕ್ಕದಲ್ಲೇ ನಿಜ, ಆದರೆ ನಿಂತ ಕ್ಷಣದಲ್ಲೇ ಹೊಡೆತ ಮುಗಿದಿರುತ್ತದೆ. ಕಟ್ಟು ಬೀಳುವುದು ಅಲ್ಲಿಂದ ಹೊರಡಲು ನೋಡಿದವರಿಗೆ. ಹಾದುಹೋಗುವವರಿಗೂ ಬರುವವರಿಗೂ ಅಲ್ಲ.

ಇದು ಗೊತ್ತಿಲ್ಲದೆ ಎರಡನೆಯ ನಡೆಯಲ್ಲೇ ಸ್ತಂಭಕ ಕಳೆದುಕೊಳ್ಳುವ ದಾರಿ ಒಂದಿದೆ. ಬಿಳಿಯ ಸ್ತಂಭಕ ಎ1ರಲ್ಲಿದೆ ಎನ್ನಿ. ಬಿಳಿ ಬಿ2ರ ಕಾಲಾಳನ್ನು ಬಿ4ಕ್ಕೆ ಏರಿಸಿ ಓರೆಗೆರೆ ತೆರೆಯುತ್ತದೆ. ಕಪ್ಪು ಎಚ್7ರ ಕಾಲಾಳನ್ನು ಎಚ್5ಕ್ಕೆ ತರುತ್ತದೆ. ಬಿಳಿಗೆ ಆಸೆ ತಡೆಯದು: ಸ್ತಂಭಕ ಎ1ರಿಂದ ನೇರ ಎಫ್6ಕ್ಕೆ, ಇ7, ಎಫ್7, ಜಿ7ರ ಮೂರು ಕಾಲಾಳುಗಳು ಒಂದೇ ಏಟಿಗೆ ಕಲ್ಲು. ನೋಡಲು ಭರ್ಜರಿ ನಡೆ. ಕಪ್ಪು ಎಚ್5ರ ಕಾಲಾಳನ್ನು ಅಡ್ಡಸಾಲಿನಲ್ಲಿ ಎಫ್5ಕ್ಕೆ ಜಾರಿಸುತ್ತದೆ. ಎಫ್6ರ ಸ್ತಂಭಕ ಈಗ ಎಫ್5ಕ್ಕೂ ಎಫ್7ಕ್ಕೂ ನಡುವೆ. ಎಫ್7ರ ಕಾಲಾಳು ಕಟ್ಟುಬಿದ್ದಿರಬಹುದು, ಆದರೆ ಇಕ್ಕಳದ ಇನ್ನೊಂದು ಬದಿಯಾಗಿ ಸುಮ್ಮನೆ ನಿಲ್ಲಲು ಚಲಿಸಬೇಕಿಲ್ಲವಲ್ಲ. ತಾನು ಕಟ್ಟಿಹಾಕಿದವನೇ ಸ್ತಂಭಕಕ್ಕೆ ಗೋಡೆಯಾದ.

ಆದ್ದರಿಂದ ಸ್ತಂಭಕ ಒಂಟಿಯಾಗಿ ತಿರುಗಬಾರದು. ಅದರ ಎಡಬಲದಲ್ಲಿ ಒಬ್ಬ, ಹಿಂದೆ ಒಬ್ಬ ಸ್ವಂತ ಕಾಲಾಳು ಇದ್ದರೆ ಇಕ್ಕಳ ಮುಚ್ಚುವುದಿಲ್ಲ, ಆ ಎರಡು ಗೆರೆಗಳಲ್ಲಿ ಕುದುರೆಗೂ ದಾರಿಯಿಲ್ಲ. ಓರೆಗಳು ಮಾತ್ರ ಉಳಿಯುತ್ತವೆ, ಅವನ್ನು ಪ್ರತಿ ನಡೆಗೂ ಕಣ್ಣಾರೆ ನೋಡಬೇಕು. ಒಂದು ತಮಾಷೆ: ಸ್ತಂಭಕದ ಆಚೆ ಬದಿಯಲ್ಲಿ ಕಟ್ಟುಬಿದ್ದ ವೈರಿಯೇ ನಿಂತಿದ್ದರೆ, ಅವನ ಕಡೆಯ ಕುದುರೆಗೆ ಬೀಳುವ ಮನೆ ಸಿಗುವುದಿಲ್ಲ. ಸೆರೆಯಾಳು ಕಾವಲುಗಾರನ ಕೆಲಸ ಮಾಡುತ್ತಾನೆ. ಕಟ್ಟುಬಿದ್ದ ಸ್ವಂತ ಕಾಯಿಯನ್ನು ಒಂದು ನಡೆಯ ಬದಲಾಗಿ ಹಲಗೆಯಿಂದ ತಾನೇ ತೆಗೆದುಬಿಡಬಹುದು ಎಂಬ ನಿಯಮಕ್ಕೆ ಬೆಲೆ ಬರುವುದು ಇಂಥಲ್ಲಿ. ಸೆರೆಯಾಳು ತಾನಾಗಿ ಪ್ರಾಣ ಬಿಟ್ಟರೆ ಮನೆ ಖಾಲಿ, ಮುಂದಿನ ನಡೆಗೆ ಕುದುರೆ ಹಾರಬಹುದು. ಎದುರಾಳಿಗೂ ಅದು ಕಾಣುತ್ತದೆ ಎಂಬುದು ಬೇರೆ ಮಾತು. ಈ ನಿಯಮವನ್ನೂ ಆಟಕ್ಕೆ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳುವುದು ಲೇಸು. ನಡುವೆ ಎತ್ತಿದರೆ ಜಗಳವಾಗುತ್ತದೆ.

ಎದುರಾಳಿಯ ಸ್ತಂಭಕವನ್ನು ಬೇಟೆಯಾಡುವ ನೇರ ಉಪಾಯ ಊಸರವಳ್ಳಿಯನ್ನು ಒಪ್ಪಿಸುವುದು. ಅದನ್ನು ಪಕ್ಕಕ್ಕೆ ಕಳುಹಿಸಿ, ಇಬ್ಬರೂ ಕಲ್ಲಾಗಲಿ. ಆಮೇಲೆ ಓಡಲಾಗದ ಗುರಿಯ ಕಡೆಗೆ ಕುದುರೆ, ಕಾಲಾಳುಗಳನ್ನು ಅವಸರವಿಲ್ಲದೆ ತರಬಹುದು. ಊಸರವಳ್ಳಿಯನ್ನು ಯಾವ ಬದಿಗೆ ನಿಲ್ಲಿಸಬೇಕು ಎಂಬಲ್ಲಿ ಬಹಳ ಜನ ತಪ್ಪುತ್ತಾರೆ. ನಮ್ಮ ಕುದುರೆ ಬರಬೇಕಾದ ಗೆರೆಯ ಆಚೆ ತುದಿಯಲ್ಲಿ ನಿಲ್ಲಿಸಿದರೆ ಜಿಗಿತಕ್ಕೆ ನಾವೇ ಅಡ್ಡ. ನೇರ ಅಥವಾ ಅಡ್ಡ ಬದಿಯಲ್ಲಿ ನಿಲ್ಲಿಸಿದರೆ ಇಕ್ಕಳದ ಅರ್ಧ ಸಿದ್ಧವಾಯಿತು, ಎದುರು ಬದಿಗೆ ಒಂದು ಕಾಲಾಳು ಬಂದರೆ ಸಾಕು. ಓರೆಯಲ್ಲಿ ನಿಲ್ಲಿಸುವುದರಿಂದ ಇಂಥ ಲಾಭವೇನೂ ಇಲ್ಲ.

ರಾಜನಿಗೆ ಮೂಲೆ ಒಳ್ಳೆಯದೋ ಕೆಟ್ಟದೋ ಎಂಬುದೂ ಇದಕ್ಕೇ ಸೇರಿದ ಪ್ರಶ್ನೆ. ಎಚ್8ರ ರಾಜನನ್ನು ಇಕ್ಕಳ ಹಿಡಿಯದು, ಕುದುರೆ ಹಾರದು. ಎರಡು ದೊಡ್ಡ ಭಯ ಒಮ್ಮೆಗೇ ಹೋಯಿತು. ಆದರೆ ಜಿ7ಕ್ಕೆ ಸ್ತಂಭಕ ಬಂದರೆ ರಾಜ ಕಲ್ಲು. ಆಮೇಲೆ ಎಚ್7ಕ್ಕೆ ಬರುವ ರಾಣಿ ಎಚ್6ಕ್ಕೆ ಒಂದು ಹೆಜ್ಜೆ ಹಿಂದೆ ಸರಿದರೆ ಆಟ ಮುಗಿಯಿತು. ಇಡೀ ಆಟ ನಿದ್ದೆ ಮಾಡುವ ರಾಣಿಗೆ ಕೆಲಸ ಸಿಗುವುದು ಓಡಲಾಗದವರ ಮುಂದೆಯೇ. ಎದುರಾಳಿಯ ಸ್ತಂಭಕ ಹೋಗಿದ್ದರೆ ಮೂಲೆ ಹಿಡಿಯಿರಿ, ಇದ್ದರೆ ಬೇಡ.

ಅಬಟ್ ಅವರೇ ಒಪ್ಪದ ಆಟ

ಅಬಟ್ ಮುಂದೆ ಈ ಆಟದಲ್ಲಿ ದೋಷವಿದೆ ಎಂದು ತೀರ್ಮಾನಿಸಿ ನಿಯಮಗಳಿಗೆ ತಿದ್ದುಪಡಿ ಸೂಚಿಸಿದರು. ಆಡುವವರು ಅದಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. ಈಗಲೂ ನಡೆಯುವುದು 1962ರ ನಿಯಮಗಳೇ. ಕಟ್ಟಿದವನ ಮಾತನ್ನು ಆಟವೇ ಕೇಳದಿರುವುದು ಆಟಗಳ ಲೋಕದಲ್ಲಿ ಹೊಸದಲ್ಲ.

ದೋಷ ಇರುವುದು ನಿಜ, ಅದು ಕಣ್ಣಿಗೆ ಸಂಬಂಧಿಸಿದ್ದು ಎನ್ನುವುದು ನಮ್ಮ ಅಭಿಪ್ರಾಯ. ಚದುರಂಗದಲ್ಲಿ ಅಪಾಯ ಕಾಣುತ್ತದೆ: ಆನೆಯ ಎದುರಿನ ಗೆರೆ, ಒಂಟೆಯ ಓರೆ. ಅಲ್ಟಿಮಾದಲ್ಲಿ ಒಂದು ಮನೆಯ ಅಪಾಯ ತಿಳಿಯಬೇಕಾದರೆ ಅದರ ಅಕ್ಕಪಕ್ಕ ಏನಿದೆ, ಹಿಂದೆ ಏನಿದೆ, ಎದುರಾಳಿಯ ರಾಜ ಎಲ್ಲಿದ್ದಾನೆ, ಮನೆಯಲ್ಲಿ ನಿಂತಿರುವವನು ಯಾರು ಎಂಬುದೆಲ್ಲ ಬೇಕು. ಊಸರವಳ್ಳಿಯ ಎದುರು ಒಂದೇ ಮನೆಯಲ್ಲಿ ಕುದುರೆ ನಿಂತರೆ ಸಾವು, ರಾಣಿ ನಿಂತರೆ ಕ್ಷೇಮ. ಐದಾರು ನಡೆ ಮುಂದಕ್ಕೆ ಓದುವುದು ಪಳಗಿದವರಿಗೂ ಭಾರ. ಅದರ ಫಲವಾಗಿ ಆಟ ಯೋಜನೆಗಿಂತ ಹೊಂಚಿನ ಕಡೆಗೆ ವಾಲುತ್ತದೆ. ಇಬ್ಬರೂ ತಮ್ಮ ಕಡೆ ಮುದುಡಿ ಕೂತು, ಎದುರಿನವನ ಕಣ್ಣು ತಪ್ಪಲಿ ಎಂದು ಕಾಯುವ ಸ್ಥಿತಿ ಬರುತ್ತದೆ. ಇದನ್ನು ಮೆಚ್ಚದವರನ್ನು ತಪ್ಪೆನ್ನಲಾಗದು. ಇದೇ ಜಾಡಿನಲ್ಲಿ ಮುಂದೆ ಹುಟ್ಟಿದ ರೊಕೊಕೊದಂಥ ಆಟಗಳು ಈ ಮುದುಡುವಿಕೆಯನ್ನು ಸಡಿಲಿಸಲು ನೋಡಿವೆ.

ಕಣ್ಣನ್ನು ಪಳಗಿಸಲು ದಾರಿ ಇಲ್ಲದಿಲ್ಲ. ಚದುರಂಗದವರು ಹೊಡೆಯುವವನಿಂದ ಹೊರಟು ಯೋಚಿಸುತ್ತಾರೆ: ನನ್ನ ಕುದುರೆ ಎಲ್ಲೆಲ್ಲಿ ಹೊಡೆಯಬಲ್ಲದು? ಇಲ್ಲಿ ಸಾಯುವವನಿಂದ ಹೊರಡುವುದು ವಾಸಿ. ನಡೆ ಇಡುವ ಮುನ್ನ, ಮೊದಲು ಎದುರಾಳಿಯ ಸ್ತಂಭಕದ ಸುತ್ತ ನನ್ನವರು ಯಾರಿದ್ದಾರೆ ಎಂದು ನೋಡಿ, ಏಕೆಂದರೆ ಅವರು ತಪ್ಪಿಸಿಕೊಳ್ಳುವವರಲ್ಲ. ಆಮೇಲೆ ಎದುರಾಳಿ ರಾಜನ ಅಡ್ಡಸಾಲು ಕಂಬಸಾಲುಗಳಲ್ಲಿ ಬೆರಳಾಡಿಸಿ ನನ್ನವರು ಯಾರಿದ್ದಾರೆಂದು ನೋಡಿ. ಅಲ್ಲಿ ಯಾರೂ ಇಲ್ಲದಿದ್ದರೆ ಸಂಯೋಜಕನನ್ನು ಆ ನಡೆಗೆ ಮರೆಯಬಹುದು, ಎಷ್ಟೋ ತಲೆನೋವು ಇಳಿಯುತ್ತದೆ. ಬೆನ್ನು ಬರಿದಾಗಿರುವ ಕಾಯಿಗಳನ್ನು ಕುದುರೆಗಳ ಗೆರೆಯಲ್ಲಿ ಹುಡುಕಿ. ಇಕ್ಕಳವನ್ನು ಕಡೆಗೆ ಇಟ್ಟುಕೊಳ್ಳಿ. ಎಂಟು ಕಾಲಾಳುಗಳಿರುವುದರಿಂದ ಅದಕ್ಕೇ ಹೆಚ್ಚು ಹೊತ್ತು ಬೇಕು, ಮೊದಲೇ ಶುರು ಮಾಡಿದರೆ ಉಳಿದದ್ದು ಮರೆತುಹೋಗುತ್ತದೆ.

ಕಲಿಯುವಾಗ ಎಲ್ಲ ಕಾಯಿಗಳನ್ನೂ ಒಮ್ಮೆಗೇ ಇಡುವುದು ಬೇಡ. ರಾಜ, ಕಾಲಾಳು, ಎರಡು ಕುದುರೆ ಮಾತ್ರ ಇಟ್ಟು ಕೆಲವು ಆಟ ಆಡಿದರೆ ಜಿಗಿತ ಮತ್ತು ಇಕ್ಕಳ ಕೈಗೆ ಕೂರುತ್ತವೆ. ಆಮೇಲೆ ಸ್ತಂಭಕ, ಆಮೇಲೆ ಸಂಯೋಜಕ ಮತ್ತು ರಾಣಿ. ಊಸರವಳ್ಳಿ ಕೊನೆಗೆ: ಉಳಿದವರ ವಿದ್ಯೆ ಗೊತ್ತಿಲ್ಲದೆ ಅದಕ್ಕೆ ಅರ್ಥವಿಲ್ಲ.

ಇನ್ನೊಂದು ಅಡಚಣೆ ಬರವಣಿಗೆಯದು. ಚದುರಂಗದಲ್ಲಿ ಹೊರಟ ಮನೆ, ತಲುಪಿದ ಮನೆ ಬರೆದರೆ ಸಾಕು, ಸತ್ತವನು ತಲುಪಿದ ಮನೆಯಲ್ಲಿದ್ದ. ಇಲ್ಲಿ ಹಾಗೆ ಬರೆದಿಟ್ಟ ಆಟವನ್ನು ವಾರ ಬಿಟ್ಟು ಬಿಚ್ಚಿದರೆ, ಯಾವ ನಡೆಯಲ್ಲಿ ಯಾರು ಹೋದರು ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಬೇಕು. ಹಲಗೆಯ ಮೇಲೂ ಇದೇ ತೊಂದರೆ: ಕಾಲಾಳನ್ನು ಜಾರಿಸಿದವನು ಮೂರರಲ್ಲಿ ಎರಡು ಕಾಯಿ ಎತ್ತಿ ಒಂದನ್ನು ಮರೆಯುತ್ತಾನೆ, ನಾಲ್ಕು ನಡೆ ಕಳೆದ ಮೇಲೆ ಸತ್ತವನೊಬ್ಬ ಇನ್ನೂ ಓಡಾಡುತ್ತಿರುವುದು ಗೊತ್ತಾಗುತ್ತದೆ. ಅದಕ್ಕೆ ನಡೆದವನು ಹೊಡೆದ ಮನೆಗಳ ಹೆಸರನ್ನು ಗಟ್ಟಿಯಾಗಿ ಹೇಳುವುದು, ಹಾಳೆಯಲ್ಲಿ ಗುಣಾಕಾರದ ಗುರುತಿನ ಮುಂದೆ ಅವನ್ನು ಬರೆಯುವುದು ಒಳ್ಳೆಯ ಅಭ್ಯಾಸ. ಮೇಲೆ ಹೇಳಿದ ಸ್ತಂಭಕದ ಕಥೆ ಆಗ ಹೀಗೆ ಕಾಣುತ್ತದೆ:

1. ಬಿ2–ಬಿ4, ಎಚ್7–ಎಚ್5
2. ಎ1–ಎಫ್6, ಎಚ್5–ಎಫ್5 × ಎಫ್6